ಬಿಸಿಯಾದ ಮೇಲೆ ಆಫ್ ಆಗುವ ಹಳೇ ಕಾರ್ಬುರೇಟರ್ ಎಂಜಿನ್: ವ್ಯಾಕ್ಯೂಮ್ ಹೋಸುಗಳಲ್ಲಿ ದೋಷ ಹುಡುಕುವ ಬಗೆ

ಊರಲ್ಲಿ ಮಾರುತಿ 800, ಓಮ್ನಿ ಬಿಚ್ಚಿ ಕೈ ಪಳಗಿದವರಿಗೂ ಅಮೆರಿಕದಲ್ಲಿ ಮಾರಾಟವಾದ ಎಂಬತ್ತರ ದಶಕದ ಟೊಯೋಟಾ ಪಿಕಪ್ಪಿನ ಬಾನೆಟ್ ಎತ್ತಿದಾಗ ಒಂದು ಕ್ಷಣ ತಲೆ ಗಿರ್ರೆನ್ನುತ್ತದೆ. ಎಂಜಿನ್ ನಮಗೆ ಗೊತ್ತಿರುವ ಜಾತಿಯದೇ, ಕಾರ್ಬುರೇಟರೂ ಅಷ್ಟೇ. ಆದರೆ 800ರಲ್ಲಿ ಡಿಸ್ಟ್ರಿಬ್ಯೂಟರಿಗೆ ಹೋಗುವ ಒಂದು ಸಣ್ಣ ಟ್ಯೂಬು, ಕ್ರ್ಯಾಂಕ್‌ಕೇಸಿನಿಂದ ಬರುವ ಒಂದು ದಪ್ಪ ಹೋಸು ನೆನಪಿದ್ದರೆ ಹೆಚ್ಚುಕಮ್ಮಿ ಕೆಲಸ ನಡೆಯುತ್ತಿತ್ತು. ಇಲ್ಲಿ ಏರ್ ಕ್ಲೀನರ್ ತೆಗೆದರೆ ಪೆನ್ಸಿಲಿಗಿಂತ ಸಣ್ಣ ಕಪ್ಪು ರಬ್ಬರ್ ಟ್ಯೂಬುಗಳು ಒಂದರ ಮೇಲೊಂದು ಹಾಯ್ದಿರುತ್ತವೆ. ಅವುಗಳ ನಡುವೆ ಉಕ್ಕಿನ ಪೈಪುಗಳ ಕಟ್ಟು, ಬಣ್ಣಬಣ್ಣದ ಪ್ಲಾಸ್ಟಿಕ್ ಬಿಲ್ಲೆಗಳು, ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂದು ಕಣ್ಣಿಗೆ ಸಿಗದ ತುದಿಗಳು.

ಈ ಬರಹ 22ಆರ್ ಎಂಜಿನ್ನನ್ನು ಎದುರಿಗಿಟ್ಟುಕೊಂಡು ಬರೆದದ್ದು. 2366 ಸಿಸಿ, ನಾಲ್ಕು ಸಿಲಿಂಡರು, ಎರಡು ಬ್ಯಾರೆಲ್ಲಿನ ಐಸಾನ್ ಕಾರ್ಬುರೇಟರು. 1981ರಿಂದ ಶುರುವಾಗಿ ಆ ದಶಕದುದ್ದಕ್ಕೂ ಅಮೆರಿಕದ ಪಿಕಪ್ಪುಗಳಲ್ಲಿ ದುಡಿದದ್ದು. ಆ ಕಾಲದ ಬೇರೆ ಜಪಾನಿ ಕಾರ್ಬುರೇಟರ್ ಎಂಜಿನ್ನುಗಳಿಗೂ ಕ್ರಮ ಇದೇ, ಬಿಡಿಭಾಗಗಳ ಹೆಸರು ಮಾತ್ರ ಆಚೀಚೆ.

ಬಹಳ ಜನ ಮಾಡುವುದೇನೆಂದರೆ, ಯಾರದೋ ಗಾಡಿಯ ಫೋಟೋ ಪಕ್ಕದಲ್ಲಿಟ್ಟುಕೊಂಡು ತಮ್ಮ ಹೋಸುಗಳನ್ನು ಅದರ ಹಾಗೆ ಜೋಡಿಸುತ್ತಾ ಹೋಗುತ್ತಾರೆ. ಆ ಫೋಟೋದ ಗಾಡಿ ಬೇರೆ ವರ್ಷದ್ದಾಗಿರುತ್ತದೆ, ಇಲ್ಲವೇ ಅದರಲ್ಲೂ ಯಾರೋ ಕೈಯಾಡಿಸಿರುತ್ತಾರೆ. ಹೋಸಿನಿಂದ ಶುರು ಮಾಡಬೇಡಿ. ತೊಂದರೆ ಯಾವ ಹೊತ್ತಿಗೆ ಬರುತ್ತದೆ ಎಂಬುದರಿಂದ ಶುರು ಮಾಡಿ. ಈ ಟ್ಯೂಬುಗಳಲ್ಲಿ ಹೆಚ್ಚಿನವು ಎಲ್ಲ ಹೊತ್ತೂ ಕೆಲಸ ಮಾಡುವುದಿಲ್ಲ. ಒಂದು ತಣ್ಣಗಿದ್ದಾಗ, ಒಂದು ಬಿಸಿಯಾದ ಮೇಲೆ, ಒಂದು ಆಕ್ಸಿಲರೇಟರ್ ಒತ್ತಿದಾಗ ಮಾತ್ರ. ಗಾಡಿ ಯಾವಾಗ ಮುನಿಸಿಕೊಳ್ಳುತ್ತದೆ ಎಂದು ಸರಿಯಾಗಿ ಕೇಳಿ ತಿಳಿದರೆ ಬಾನೆಟ್ ಎತ್ತುವ ಮುಂಚೆಯೇ ಅರ್ಧ ಹೋಸುಗಳನ್ನು ಲೆಕ್ಕದಿಂದ ಬಿಡಬಹುದು.

ಎಳೆತ ಎಲ್ಲಿಂದ ಬರುತ್ತದೆ

ಎಂಜಿನ್ ಗಾಳಿಯನ್ನು ಒಳಗೆಳೆಯುವಾಗ, ಆಕ್ಸಿಲರೇಟರ್ ಒತ್ತಿದಷ್ಟು ತೆರೆಯುವ ಥ್ರಾಟಲ್ ಬಿಲ್ಲೆ ಅಡ್ಡ ನಿಂತಿರುತ್ತದೆ. ಬಿಲ್ಲೆಯ ಕೆಳಗೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಕಡೆ, ಎಳೆತ ಜೋರು. ಆರೋಗ್ಯವಾಗಿರುವ ಎಂಜಿನ್ ಬಿಸಿಯಾಗಿ ಐಡ್ಲಿಂಗಲ್ಲಿ (ಆಕ್ಸಿಲರೇಟರ್ ಒತ್ತದೆ) ನಿಂತಾಗ ಸಮುದ್ರ ಮಟ್ಟದಲ್ಲಿ ವ್ಯಾಕ್ಯೂಮ್ ಗೇಜು 17ರಿಂದ 21 ಇಂಚು ಪಾದರಸ ತೋರಿಸುತ್ತದೆ. ಸಾವಿರ ಅಡಿ ಮೇಲೇರಿದರೆ ಸುಮಾರು ಒಂದು ಇಂಚು ಕಳೆಯಬೇಕು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪಕ್ಕ 20 ತೋರಿಸುವ ಎಂಜಿನ್ ಬೆಂಗಳೂರಿನ ಎತ್ತರದಲ್ಲಿ 17 ತೋರಿಸಿದರೆ ಅದು ದೋಷವಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಈ ಎಳೆತ ಸೊನ್ನೆಯ ಹತ್ತಿರಕ್ಕೆ ಬೀಳುತ್ತದೆ. ಇದು ಮ್ಯಾನಿಫೋಲ್ಡ್ ವ್ಯಾಕ್ಯೂಮ್.

ಎರಡನೆಯದು ಪೋರ್ಟೆಡ್ ವ್ಯಾಕ್ಯೂಮ್. ಕಾರ್ಬುರೇಟರಿನ ಗೋಡೆಯಲ್ಲಿ, ಮುಚ್ಚಿದ ಥ್ರಾಟಲ್ ಬಿಲ್ಲೆಯ ಅಂಚಿಗಿಂತ ಕೂದಲೆಳೆಯಷ್ಟು ಮೇಲೆ, ಒಂದು ಸಣ್ಣ ತೂತು. ಐಡ್ಲಿಂಗಲ್ಲಿ ಅಲ್ಲಿ ಏನೂ ಇಲ್ಲ. ಬಿಲ್ಲೆ ಸ್ವಲ್ಪ ತೆರೆದ ಕೂಡಲೇ ಅದರ ಅಂಚು ತೂತನ್ನು ದಾಟಿ, ಮ್ಯಾನಿಫೋಲ್ಡಿನ ಎಳೆತ ತೂತಿಗೆ ತಗಲುತ್ತದೆ. ಹೊಗೆ ನಿಯಂತ್ರಣದ ಬಹುಪಾಲು ಸಾಮಾನು ನಿಂತಿರುವುದು ಇದರ ಮೇಲೆ: ಡಿಸ್ಟ್ರಿಬ್ಯೂಟರಿನ ಅಡ್ವಾನ್ಸ್ (ಕಿಡಿ ಹಾರುವ ಹೊತ್ತನ್ನು, ಅಂದರೆ ಟೈಮಿಂಗನ್ನು, ಮುಂದೊಯ್ಯುವುದು), ಇ.ಜಿ.ಆರ್ (ಸುಟ್ಟ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಬಿಡುವ ವಾಲ್ವು), ಕ್ಯಾನಿಸ್ಟರಿನ ಪರ್ಜ್ (ಟ್ಯಾಂಕಿನ ಪೆಟ್ರೋಲ್ ಆವಿ ಹಿಡಿದಿಡುವ ಇದ್ದಿಲ ಡಬ್ಬಿಯಿಂದ ಆ ಆವಿಯನ್ನು ಎಂಜಿನ್ನಿಗೆ ಎಳೆಯುವುದು). ಮೂರನೆಯದು ವೆಂಚುರಿಯ, ಅಂದರೆ ಕಾರ್ಬುರೇಟರಿನ ಗಂಟಲು ಕಿರಿದಾಗುವ ಜಾಗದ, ಎಳೆತ. ಅದು ದುರ್ಬಲ, ಎರಡನೇ ಬ್ಯಾರೆಲ್ ತೆರೆಯಲು ಕಾರ್ಬುರೇಟರಿನ ಒಳದಾರಿಯಲ್ಲೇ ಬಳಕೆಯಾಗುತ್ತದೆ. ಹೊರಗೆ ಹೋಸು ಇಲ್ಲದ್ದರಿಂದ ಇಲ್ಲಿ ಅದರ ಗೊಡವೆ ಬೇಡ.

ಹೋಸು ಸಿಕ್ಕಿಸುವ ಪ್ರತಿ ನಿಪ್ಪಲ್ಲು ಯಾವ ಜಾತಿಯದು ಎಂದು ಗೇಜು ಸಿಕ್ಕಿಸಿ ನೋಡಿದರೆ ತಿಳಿಯುತ್ತದೆ. ಐಡ್ಲಿಂಗಲ್ಲಿ ಮುಳ್ಳು ಎದ್ದು ನಿಂತರೆ ಮ್ಯಾನಿಫೋಲ್ಡ್. ಐಡ್ಲಿಂಗಲ್ಲಿ ಸೊನ್ನೆ, ರೇಸ್ ಮಾಡಿದಾಗ ಏರಿದರೆ ಪೋರ್ಟೆಡ್. ಒಂದು ಹಾಳೆಯ ಮೇಲೆ ಕಾರ್ಬುರೇಟರಿನ ಗೆರೆಚಿತ್ರ ಬರೆದು ಒಂದೊಂದು ನಿಪ್ಪಲ್ಲಿನ ಪಕ್ಕ ಇದನ್ನು ಗುರುತು ಹಾಕಿಕೊಳ್ಳಿ. ಆದರೆ ಐಡ್ಲಿಂಗ್ ಸರಿಯಿದ್ದಾಗ ಮಾತ್ರ ಈ ಪರೀಕ್ಷೆಯನ್ನು ನಂಬಬಹುದು. ಯಾರಾದರೂ ಗಾಡಿ ಆಫ್ ಆಗದಿರಲಿ ಎಂದು ಐಡಲ್ ಸ್ಕ್ರೂ ಒತ್ತಿ ಬಿಗಿದಿದ್ದರೆ ಬಿಲ್ಲೆ ಆಗಲೇ ತೂತನ್ನು ದಾಟಿರುತ್ತದೆ, ಪೋರ್ಟೆಡ್ ನಿಪ್ಪಲ್ಲೂ ಮ್ಯಾನಿಫೋಲ್ಡಿನ ಹಾಗೆ ಎಳೆಯುತ್ತದೆ. ಸ್ಕ್ರೂ ಸಡಿಲಿಸಿ, ಒಬ್ಬರು ಕಾಲಲ್ಲಿ ಗಾಡಿಯನ್ನು ಹೇಗೋ ಜೀವ ಹಿಡಿಸಿ ಮೆಲ್ಲಗೆ ಬಿಡುವಾಗ ಇನ್ನೊಬ್ಬರು ಮುಳ್ಳು ನೋಡಬೇಕು.

ಯಾವ ಹೊತ್ತಿನ ದೂರು, ಯಾವ ಹೋಸು

ಬೆಳಗ್ಗೆ ಸ್ಟಾರ್ಟ್ ಮಾಡಿದ ಮೊದಲ ನಿಮಿಷದಲ್ಲೇ ಕಪ್ಪು ಹೊಗೆ ಬಂದು, ಮಿಸ್ ಹೊಡೆದು ಆಫ್ ಆದರೆ ಚೋಕ್ ಬ್ರೇಕರಿನ ಹೋಸನ್ನು ನೋಡಿ. ಎಂಜಿನ್ ಹತ್ತಿಕೊಂಡ ಕೂಡಲೇ ಮ್ಯಾನಿಫೋಲ್ಡಿನ ಎಳೆತ ಈ ಡಯಾಫ್ರಮ್ಮನ್ನು ಎಳೆದು ಚೋಕ್ ಬಿಲ್ಲೆಯನ್ನು ತುಸು ತೆರೆಯಬೇಕು. ಹೋಸು ಕಳಚಿದ್ದರೆ ಚೋಕ್ ಬಿಗಿಯಾಗಿ ಮುಚ್ಚಿಯೇ ಇರುತ್ತದೆ, ಪೆಟ್ರೋಲು ಸುರಿಯುತ್ತದೆ.

ತಣ್ಣಗಿದ್ದಾಗ ಹೊರಟರೆ ಕೆಮ್ಮುತ್ತದೆ, ಬಿಸಿಯಾದರೆ ಸರಿ ಎಂದರೆ ಎರಡು ಅನುಮಾನ. ಏರ್ ಕ್ಲೀನರಿನ ಮೂತಿಯಲ್ಲಿ ಬಿಸಿಗಾಳಿ ಬಿಡುವ ಬಾಗಿಲು ಇದೆಯಲ್ಲ, ಅದರ ಹೋಸು ಹರಿದಿರಬಹುದು. ಅಥವಾ ತಣ್ಣಗಿದ್ದಾಗ ಮುಚ್ಚಿರಬೇಕಾದ ಬಿ.ವಿ.ಎಸ್.ವಿ. ಮುಚ್ಚದೆ ಇ.ಜಿ.ಆರ್‌ಗೆ ಎಳೆತ ಬಿಡುತ್ತಿರಬಹುದು. ಬಿ.ವಿ.ಎಸ್.ವಿ. ಎಂದರೆ ಕೂಲಂಟ್ ನೀರಿನೊಳಗೆ ಮೂತಿಯಿಟ್ಟು ಕೂತಿರುವ ಒಂದು ಪುಟ್ಟ ವಾಲ್ವು. ನೀರು ಬಿಸಿಯಾದಾಗ ಒಳಗಿನ ದ್ವಿಲೋಹದ ಬಿಲ್ಲೆ ಟಕ್ಕೆಂದು ಮಗುಚಿ ದಾರಿ ಬದಲಿಸುತ್ತದೆ.

ಐಡ್ಲಿಂಗ್ ಜಾಸ್ತಿಯಾಗಿ ಏರಿಳಿಯುತ್ತಿದ್ದರೆ, ಸಿಳ್ಳೆಯಂಥ ಸದ್ದು ಕೇಳಿದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಬ್ರೇಕ್ ಒತ್ತಿದಾಗ ಮಾತ್ರ ಐಡ್ಲಿಂಗ್ ಕುಸಿದರೆ ಬೂಸ್ಟರಿನ ಹೋಸು ಅಥವಾ ಅದರ ಡಯಾಫ್ರಮ್. ಹೊಗೆ ನಿಯಂತ್ರಣದ ಹೋಸುಗಳನ್ನು ಮುಟ್ಟುವ ಅಗತ್ಯವೇ ಇಲ್ಲ. ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಸುತ್ತ ಪೆಟ್ರೋಲ್ ವಾಸನೆ ಬಂದರೆ ಕ್ಯಾನಿಸ್ಟರಿನ ಟ್ಯಾಂಕ್ ಹೋಸು ಮತ್ತು ಪರ್ಜ್ ಹೋಸು ಅದಲುಬದಲಾಗಿವೆಯೇ ನೋಡಿ. ವೇಗ ಹಿಡಿಯುವ ಕಸುವು ಕುಂದಿ, ಪೆಟ್ರೋಲ್ ಹೆಚ್ಚು ಕುಡಿಯುತ್ತಿದ್ದರೆ ಡಿಸ್ಟ್ರಿಬ್ಯೂಟರಿನ ಅಡ್ವಾನ್ಸಿಗೆ ಎಳೆತ ತಲುಪುತ್ತಿಲ್ಲ. ಅದೇ ಹೋಸು ಪೋರ್ಟೆಡ್ ಬದಲು ಮ್ಯಾನಿಫೋಲ್ಡಿಗೆ ಸೇರಿಕೊಂಡಿದ್ದರೆ ಐಡ್ಲಿಂಗಲ್ಲೇ ಟೈಮಿಂಗ್ ಮುಂದೋಡಿ ಆರ್‌ಪಿಎಂ ಏರಿ ಕೂತಿರುತ್ತದೆ.

ಬಿಸಿಯಾದ ಮೇಲೆ ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ನಡುಗಿ ಆಫ್ ಆಗುವುದು ಮತ್ತು ಏರುದಾರಿಯಲ್ಲಿ ನಾಕಿಂಗ್ (ಸಿಲಿಂಡರಿನೊಳಗೆ ಮಿಶ್ರಣ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುವ ಕಟಕಟ ಸದ್ದು) ಬರುವುದು, ಈ ಎರಡೂ ಒಟ್ಟಿಗೆ ಬಂದರೆ ಜನ ಎರಡು ದೋಷ ಎಂದುಕೊಂಡು ಕಾರ್ಬುರೇಟರ್ ಬಿಚ್ಚುತ್ತಾರೆ, ಟೈಮಿಂಗ್ ಹಿಂದಕ್ಕೆ ತಿರುಗಿಸುತ್ತಾರೆ. ಸಾಮಾನ್ಯವಾಗಿ ಅದು ಒಂದೇ ದೋಷ.

ಫ್ರೀಮಾಂಟಿನ ಒಂದು ಪಿಕಪ್

ಇಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ದಾವಣಗೆರೆ ಕಡೆಯ ಗೆಳೆಯರೊಬ್ಬರು ಇಂಥದೇ ಪಿಕಪ್ಪನ್ನು ಮೂರನೇ ಕೈಯಿಂದ ಕೊಂಡಿದ್ದರು. ಸ್ಮಾಗ್ ಚೆಕ್ಕಿನಲ್ಲಿ, ಅಂದರೆ ಇಲ್ಲಿನ ಕಡ್ಡಾಯ ಹೊಗೆ ತಪಾಸಣೆಯಲ್ಲಿ, ಹೋಸುಗಳ ಜೋಡಣೆ ಸರಿಯಿಲ್ಲ ಎಂದು ಫೇಲ್ ಆಗಿತ್ತು. ಫೋನಿನಲ್ಲಿ ಅವರ ವಿವರಣೆ ಹೀಗಿತ್ತು: "ಬೆಳಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗ್ತತಿ ಅಣ್ಣ, ಐದು ನಿಮಿಷ ಏನೂ ತಕರಾರಿಲ್ಲ. ಬಿಸಿ ಆತು ಅಂದ್ರೆ ಸಿಗ್ನಲ್‌ನಾಗ ಗಡಗಡ ಅಂತ ಆಫ್. ಫ್ರೀವೇನಾಗ ಮಾತ್ರ ಆರಾಮ. ಏರು ಹತ್ತುವಾಗ ಕಟಕಟ ಅಂತತಿ."

ಈ ನಾಲ್ಕು ವಾಕ್ಯದಲ್ಲಿ ಬೇಕಾದದ್ದೆಲ್ಲ ಇತ್ತು. ಇ.ಜಿ.ಆರ್ ಎಂದರೆ ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಮ್ಯಾನಿಫೋಲ್ಡಿಗೆ ಬಿಡುವ ವಾಲ್ವು. ಸುಟ್ಟ ಹೊಗೆ ಇನ್ನೊಮ್ಮೆ ಉರಿಯದ್ದರಿಂದ ಸಿಲಿಂಡರಿನ ಉರಿಯ ತಾಪ ಇಳಿಯುತ್ತದೆ, ನೈಟ್ರೋಜನ್ ಆಕ್ಸೈಡುಗಳು ಕಡಿಮೆಯಾಗುತ್ತವೆ, ನಾಕಿಂಗೂ ತಗ್ಗುತ್ತದೆ. ಇದು ಬೇಕಿರುವುದು ಓಡುವಾಗ, ಭಾರ ಎಳೆಯುವಾಗ. ಐಡ್ಲಿಂಗಲ್ಲಿ ತೆರೆದರೆ ಎಂಜಿನ್ನಿಗೆ ಉಸಿರುಕಟ್ಟುತ್ತದೆ. ಬಿಸಿಯಾದ ಮೇಲೆ ಐಡ್ಲಿಂಗಲ್ಲಿ ಮಾತ್ರ ಆಫ್ ಆಗುತ್ತಿದೆ ಎಂದರೆ ಇ.ಜಿ.ಆರ್ ಆಗ ತೆರೆದುಕೊಳ್ಳುತ್ತಿದೆ ಎಂಬ ಅನುಮಾನ. ತಣ್ಣಗಿದ್ದಾಗ ಏನೂ ಆಗುವುದಿಲ್ಲ ಎಂದರೆ ಬಿ.ವಿ.ಎಸ್.ವಿ. ಇನ್ನೂ ದಾರಿಯಲ್ಲಿದೆ ಮತ್ತು ಸರಿಯಾಗಿ ಮುಚ್ಚುತ್ತಿದೆ. ಏರು ಹತ್ತುವಾಗ ನಾಕಿಂಗ್ ಎಂದರೆ ಬೇಕಾದ ಹೊತ್ತಿಗೆ ಇ.ಜಿ.ಆರ್ ಮುಚ್ಚಿಕೊಳ್ಳುತ್ತಿದೆ. ಐಡ್ಲಿಂಗಲ್ಲಿ ಜೋರಾಗಿದ್ದು ಏರಿನಲ್ಲಿ ಸತ್ತುಹೋಗುವ ಎಳೆತ ಯಾವುದು? ಮ್ಯಾನಿಫೋಲ್ಡಿನದು. ಪೋರ್ಟೆಡ್ ನಿಪ್ಪಲ್ಲಿಗೆ ಸೇರಬೇಕಾದ ಹೋಸನ್ನು ಯಾರೋ ಮ್ಯಾನಿಫೋಲ್ಡಿಗೆ ಸೇರಿಸಿದ್ದಾರೆ ಎಂದು ಬಾನೆಟ್ ಎತ್ತದೆಯೇ ಹೇಳಬಹುದಿತ್ತು.

ಒಂದು ಎಳೆ ಮಾತ್ರ ಹೊಂದುತ್ತಿರಲಿಲ್ಲ. 22ಆರ್‌ನಲ್ಲಿ ಇ.ಜಿ.ಆರ್‌ಗೂ ಕಾರ್ಬುರೇಟರಿಗೂ ನಡುವೆ ವ್ಯಾಕ್ಯೂಮ್ ಮಾಡ್ಯುಲೇಟರ್ ಎಂಬ ದುಂಡನೆಯ ಡಬ್ಬಿ ಇದೆ. ಅದರ ತಳಕ್ಕೆ ಸೈಲೆನ್ಸರ್ ಕಡೆಯ ಒತ್ತಡ ಬರುತ್ತದೆ. ಒತ್ತಡ ಕಡಿಮೆಯಿದ್ದರೆ, ಅಂದರೆ ಐಡ್ಲಿಂಗಲ್ಲಿ, ಡಬ್ಬಿ ತನ್ನ ತಲೆಯ ಮೇಲಿನ ಫಿಲ್ಟರಿನ ಮೂಲಕ ಹೊರಗಿನ ಗಾಳಿಯನ್ನು ಬಿಟ್ಟುಕೊಂಡು ಎಳೆತವನ್ನು ಸಾಯಿಸುತ್ತದೆ. ಒತ್ತಡ ಏರಿದರೆ ಆ ಗಾಳಿದಾರಿ ಮುಚ್ಚಿ ಎಳೆತ ಇ.ಜಿ.ಆರ್‌ಗೆ ಹೋಗುತ್ತದೆ. ಹೀಗಿರುವಾಗ ಮ್ಯಾನಿಫೋಲ್ಡಿನ ಹೋಸು ಬಂದರೂ ಐಡ್ಲಿಂಗಲ್ಲಿ ಮಾಡ್ಯುಲೇಟರ್ ಅದನ್ನು ತಡೆಯಬೇಕಿತ್ತು. ತಡೆಯುತ್ತಿಲ್ಲವೆಂದರೆ ಅದು ಕೆಟ್ಟಿರಬೇಕು, ಇಲ್ಲವೇ ದಾರಿಯಲ್ಲೇ ಇರಬಾರದು.

ಏರ್ ಕ್ಲೀನರ್ ತೆಗೆದಾಗ ಎರಡನೆಯದೇ ನಿಜವಾಯಿತು. ಮ್ಯಾನಿಫೋಲ್ಡಿನ ನಿಪ್ಪಲ್ಲಿನಿಂದ ಬಿ.ವಿ.ಎಸ್.ವಿ.ಗೆ ಒಂದು ಹೋಸು, ಅಲ್ಲಿಂದ ನೇರ ಇ.ಜಿ.ಆರ್ ತಲೆಗೆ ಇನ್ನೊಂದು. ಮಾಡ್ಯುಲೇಟರ್ ತನ್ನ ಬ್ರ್ಯಾಕೆಟ್ಟಿನಲ್ಲಿ ಕೂತೇ ಇತ್ತು. ಪಕ್ಕದ ನಿಪ್ಪಲ್ಲುಗಳಿಗೆ ಚೋಟುದ್ದದ ಹೋಸು ತುಂಡುಗಳನ್ನು ಸಿಕ್ಕಿಸಿ ಒಳಗೆ ತಿರುಪು ಮೊಳೆ ತುರುಕಿದ್ದರು. ಮೇಲಿಂದ ನೋಡಿದವರಿಗೆ ಎಲ್ಲ ಜೋಡಿಸಿದಂತೆಯೇ ಕಾಣಬೇಕು, ಹಾಗೆ ಮಾಡಿದ ಕೆಲಸ. ಬೆರಳಲ್ಲಿ ಹಿಚುಕಿದಾಗ ರಬ್ಬರಿನೊಳಗೆ ಮೊಳೆಯ ಗಟ್ಟಿ ತಲೆ ಸಿಕ್ಕಿತು. ಇದೊಂದು ಅಭ್ಯಾಸ ಮಾಡಿಕೊಳ್ಳಿ: ಹಳೇ ಗಾಡಿಯ ಪ್ರತಿ ಹೋಸನ್ನೂ ಉದ್ದಕ್ಕೂ ಹಿಚುಕಿ ನೋಡಿ. ಸೈಕಲ್ ಬೇರಿಂಗಿನ ಗುಂಡು, ಮೊಳೆ, ಬೆಂಕಿಕಡ್ಡಿಯ ತುಂಡು ಏನು ಬೇಕಾದರೂ ಸಿಗುತ್ತದೆ.

ಆಫ್ ಆಗದಿರಲೆಂದು ಐಡಲ್ ಸ್ಕ್ರೂ ಬೇರೆ ಏರಿಸಿಟ್ಟಿದ್ದರು. ಆದ್ದರಿಂದ ಕಾರ್ಬುರೇಟರಿನ ಇ.ಜಿ.ಆರ್ ನಿಪ್ಪಲ್ಲುಗಳೂ ಐಡ್ಲಿಂಗಲ್ಲಿ ಸ್ವಲ್ಪ ಎಳೆಯುತ್ತಿದ್ದವು. ಸ್ಕ್ರೂ ಇಳಿಸಿದ ಮೇಲೆಯೇ ಸೊನ್ನೆಗೆ ಬಂದವು.

ಬಿಡಿಭಾಗಗಳನ್ನು ಒಂದೊಂದಾಗಿ ಪರೀಕ್ಷಿಸುವುದು

ಹೋಸು ಸರಿಯಾದ ಜಾಗಕ್ಕೆ ಸೇರಿಸುವ ಮುಂಚೆ ಆ ತುದಿಯಲ್ಲಿರುವುದು ಜೀವಂತ ಇದೆಯೇ ನೋಡಬೇಕು. ಮಾಡ್ಯುಲೇಟರಿನ ಪಕ್ಕದಲ್ಲಿ ಪಿ, ಕ್ಯೂ, ಆರ್ ಎಂಬ ನಿಪ್ಪಲ್ಲುಗಳಿವೆ. ಪಿ ಮತ್ತು ಆರ್ ಕಾರ್ಬುರೇಟರಿನ ಕಡೆಯವು, ಕ್ಯೂ ಇ.ಜಿ.ಆರ್ ಕಡೆಯದು. ಹೋಸುಗಳನ್ನು ತೆಗೆದು, ಪಿ ಮತ್ತು ಆರ್ ಎರಡಕ್ಕೂ ಬೆರಳು ಅದುಮಿ, ಕ್ಯೂಗೆ ಒಂದು ತುಂಡು ಟ್ಯೂಬು ಸಿಕ್ಕಿಸಿ ಬಾಯಿಂದ ಊದಿ. ಎಂಜಿನ್ ಆಫ್ ಇದ್ದಾಗ ಗಾಳಿ ಸರಾಗವಾಗಿ ತಲೆಯ ಫಿಲ್ಟರಿನಿಂದ ಹೊರಬರಬೇಕು. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ 2,500 ಆರ್‌ಪಿಎಂನಲ್ಲಿ ಹಿಡಿದು ಮತ್ತೆ ಊದಿ; ಈ ಸಲ ಗಟ್ಟಿಯಾಗಿ ತಡೆಯಬೇಕು. ಎರಡೂ ಸಲ ಸರಾಗವಾಗಿ ಹೋದರೆ ಡಯಾಫ್ರಮ್ ಹರಿದಿದೆ ಅಥವಾ ತಳಕ್ಕೆ ಬರುವ ಒತ್ತಡದ ಟ್ಯೂಬು ಮಸಿ ಕಟ್ಟಿ ಮುಚ್ಚಿದೆ. ಎರಡೂ ಸಲ ತಡೆದರೆ ಮುಚ್ಚಳ ಬಿಚ್ಚಿ ಫಿಲ್ಟರ್ ನೋಡಿ. ಹಳೇ ಗಾಡಿಗಳಲ್ಲಿ ಅದು ಪುಡಿಯಾಗಿ ಮಣ್ಣಿನಂತೆ ಕೂತಿರುತ್ತದೆ. ಊದುವಾಗ ಟ್ಯೂಬನ್ನು ಮೊದಲು ಒರೆಸಿಕೊಳ್ಳಿ, ಉಸಿರು ಒಳಗೆಳೆಯಬೇಡಿ.

ಇ.ಜಿ.ಆರ್ ವಾಲ್ವಿಗೆ ಕೈ ಪಂಪು ಬೇಕು. ಐಡ್ಲಿಂಗಲ್ಲಿ ಪಂಪಿನಿಂದ ಅದರ ತಲೆಗೆ ಎಳೆತ ಕೊಟ್ಟರೆ ಎಂಜಿನ್ ನಡುಗಿ ಆಫ್ ಆಗಬೇಕು. ಪಂಪಿನ ಮುಳ್ಳು ಕೆಳಗಿಳಿಯದೆ ನಿಲ್ಲಬೇಕು. ಮುಳ್ಳು ನಿಂತಿದ್ದೂ ಎಂಜಿನ್ನಿಗೆ ಏನೂ ಆಗದಿದ್ದರೆ ಹೊಗೆಯ ದಾರಿ ಇಂಗಾಲ ಕಟ್ಟಿ ಮುಚ್ಚಿಹೋಗಿದೆ; ಆಗ ಹೋಸು ಎಷ್ಟು ಸರಿ ಮಾಡಿದರೂ ನಾಕಿಂಗ್ ಹೋಗುವುದಿಲ್ಲ. ಡಿಸ್ಟ್ರಿಬ್ಯೂಟರಿಗೂ ಇದೇ ಪಂಪು, ಜೊತೆಗೆ ಟೈಮಿಂಗ್ ಲೈಟು: ಎಳೆತ ಕೊಟ್ಟಾಗ ಪುಲ್ಲಿಯ ಗುರುತು ಸರಿಯಬೇಕು, ಮುಳ್ಳು ನಿಲ್ಲಬೇಕು.

ಬಿ.ವಿ.ಎಸ್.ವಿ.ಯನ್ನು ತಣ್ಣಗಿದ್ದಾಗ ಒಮ್ಮೆ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಒಮ್ಮೆ ಊದಿ ನೋಡಿ. ಗಾಳಿಯ ದಾರಿ ಬದಲಾಗದಿದ್ದರೆ ಅದು ಮುಗಿದಿದೆ. ಹೋಸಿನ ನಡುವೆ ಕೂರುವ ಪುಟ್ಟ ಬಿಲ್ಲೆಗಳು ಎರಡು ಬಗೆ. ಚೆಕ್ ವಾಲ್ವು ಒಂದೇ ದಿಕ್ಕಿಗೆ ಗಾಳಿ ಬಿಡುತ್ತದೆ. ವಿ.ಟಿ.ವಿ. ಒಂದು ದಿಕ್ಕಿಗೆ ಸರಾಗ, ಇನ್ನೊಂದು ದಿಕ್ಕಿಗೆ ನಿಧಾನ. ಎರಡನ್ನೂ ತಿರುಗಾಮುರುಗಾ ಸಿಕ್ಕಿಸಬಹುದು, ನಿಪ್ಪಲ್ಲು ಎರಡೂ ಕಡೆ ಒಂದೇ ಅಳತೆ. ತೆಗೆಯುವ ಮುಂಚೆ ಯಾವ ಬಣ್ಣದ ಮುಖ ಕಾರ್ಬುರೇಟರಿನ ಕಡೆ ಇತ್ತು ಎಂದು ಗುರುತು ಮಾಡಿಕೊಳ್ಳಿ. ಹಿಂದಿನವರು ತಿರುಗಿಸಿಟ್ಟಿರುವ ಸಾಧ್ಯತೆಯೂ ಇರುವುದರಿಂದ ಚಿತ್ರದೊಂದಿಗೆ ತಾಳೆ ನೋಡಿಯೇ ಹಾಕಿ.

ಉಕ್ಕಿನ ಪೈಪುಗಳ ಕಟ್ಟಿನಲ್ಲಿ ಕಣ್ಣಳತೆ ನಡೆಯುವುದಿಲ್ಲ. ಒಂದು ತುದಿಗೆ ಟ್ಯೂಬು ಸಿಕ್ಕಿಸಿ ಊದಿ, ಇನ್ನೊಂದು ತುದಿಯಲ್ಲಿ ಬೆರಳಿಗೆ ಎಲ್ಲಿ ಗಾಳಿ ತಗಲುತ್ತದೆ ನೋಡಿ, ಎರಡೂ ತುದಿಗೆ ಒಂದೇ ನಂಬರಿನ ಟೇಪು ಅಂಟಿಸಿ. ಗಾಳಿ ಎಲ್ಲೂ ಬರದಿದ್ದರೆ ಒಳಗೆ ಜಿಡ್ಡು ಕಟ್ಟಿದೆ. ಕಾರ್ಬ್ ಕ್ಲೀನರ್ ಬಿಟ್ಟು ತೆಳು ತಂತಿ ಆಡಿಸಬೇಕು.

ನಂಬಬೇಕಾದ ಚಿತ್ರ

ಅಮೆರಿಕದಲ್ಲಿ ಮಾರಿದ ಗಾಡಿಗಳ ಬಾನೆಟ್ ಅಡಿಯಲ್ಲಿ ಹೊಗೆ ನಿಯಂತ್ರಣದ ಸ್ಟಿಕ್ಕರ್ ಅಂಟಿಸಿರುತ್ತಾರೆ. ಎಂಜಿನ್ ಕುಟುಂಬದ ಸಂಖ್ಯೆ, ಟೈಮಿಂಗ್, ಐಡ್ಲಿಂಗ್ ಆರ್‌ಪಿಎಂ, ಜೊತೆಗೆ ಹೋಸುಗಳ ಗೆರೆಚಿತ್ರ ಅದರಲ್ಲಿರುತ್ತದೆ. ಸ್ಮಾಗ್ ಚೆಕ್ ಮಾಡುವವರು ತಾಳೆ ನೋಡುವುದು ಇದರೊಂದಿಗೇ. ಕ್ಯಾಲಿಫೋರ್ನಿಯಾಕ್ಕೆಂದು ಮಾಡಿದ ಗಾಡಿಯ ಚಿತ್ರ ಬೇರೆ ರಾಜ್ಯಗಳದ್ದಕ್ಕಿಂತ ಬೇರೆ ಇರಬಹುದು, ಎತ್ತರದ ಊರುಗಳಿಗೆ ಕೊಟ್ಟದ್ದು ಇನ್ನೂ ಬೇರೆ. ಒಂದು ವರ್ಷ ಹಿಂದೆಮುಂದೆ ಆದರೂ ಒಂದೆರಡು ವಾಲ್ವು ಸೇರಿರುತ್ತವೆ, ಬಿಟ್ಟಿರುತ್ತವೆ.

ಸ್ಟಿಕ್ಕರ್ ಬಾನೆಟ್ಟಿಗೇ ಅಂಟಿದ್ದರೆ ಇನ್ನೊಂದು ಅನುಮಾನ ಇಟ್ಟುಕೊಳ್ಳಿ. ಗಾಡಿ ಎಲ್ಲೋ ಗುದ್ದಿ, ಗುಜರಿಯಿಂದ ಬೇರೆ ಗಾಡಿಯ ಬಾನೆಟ್ ತಂದು ಹಾಕಿದ್ದರೆ ನೀವು ಓದುತ್ತಿರುವುದು ಆ ಗಾಡಿಯ ಚಿತ್ರ. ಸ್ಟಿಕ್ಕರಿನ ವರ್ಷವನ್ನು ಬಾಗಿಲಿನ ಪಕ್ಕದ ತಯಾರಿಕೆಯ ಫಲಕದೊಂದಿಗೆ ಹೋಲಿಸಿ. ಹೊಂದದಿದ್ದರೆ ನಿಮ್ಮ ವರ್ಷದ ಕಾರ್ಖಾನೆ ಕೈಪಿಡಿಯ ಹೊಗೆ ನಿಯಂತ್ರಣದ ಅಧ್ಯಾಯವೇ ಗತಿ.

ಗಾಳಿ ಎಳೆಯುವ ಜಾಗ

ಜೋಡಣೆ ಸರಿಯಿದ್ದೂ ಗೇಜು (ಸಮುದ್ರ ಮಟ್ಟದಲ್ಲಿ) 17ಕ್ಕಿಂತ ಕೆಳಗೆ ಅಲುಗದೆ ನಿಂತಿದ್ದರೆ ಗಾಳಿ ಎಳೆಯುತ್ತಿದೆ, ಅಥವಾ ಟೈಮಿಂಗ್ ಹಿಂದಿದೆ. ಮ್ಯಾನಿಫೋಲ್ಡಿನಿಂದ ಹೊರಡುವ ಹೋಸುಗಳನ್ನು ಒಂದೊಂದಾಗಿ ಕಳಚಿ ನಿಪ್ಪಲ್ಲಿಗೆ ಬುಚ್ಚು ಹಾಕುತ್ತಾ ಬನ್ನಿ. ಇಲ್ಲಿನವರು ಕಳಚಿದ ಹೋಸಿಗೆ ಗಾಲ್ಫ್ ಆಟದ ಮರದ ಮೊಳೆ ಚುಚ್ಚುತ್ತಾರೆ, ಅಳತೆಗೆ ಬಹಳ ಚೆನ್ನಾಗಿ ಕೂರುತ್ತದೆ. ಯಾವುದಕ್ಕೆ ಬುಚ್ಚು ಹಾಕಿದಾಗ ಮುಳ್ಳು ಏರಿ ಐಡ್ಲಿಂಗ್ ಬದಲಾಗುತ್ತದೋ ಲೀಕು ಆ ಹೋಸಿನ ಆಚೆ ಇದೆ. ಎಲ್ಲ ಮುಚ್ಚಿದ ಮೇಲೂ ಬದಲಾಗದಿದ್ದರೆ ಕಾರ್ಬುರೇಟರಿನ ತಳದ ಗ್ಯಾಸ್ಕೆಟ್, ಅದರ ಕೆಳಗಿನ ಇನ್ಸುಲೇಟರ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಈ ಕ್ರಮದಲ್ಲಿ ನೋಡಿ. ಸಣ್ಣ ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ಚಿಮುಕಿಸಿದರೆ ಲೀಕಿರುವ ಕಡೆ ನೀರು ಎಳೆದುಕೊಂಡು ಐಡ್ಲಿಂಗ್ ಒಂದು ಕ್ಷಣ ಬದಲಾಗುತ್ತದೆ. ಡಿಸ್ಟ್ರಿಬ್ಯೂಟರ್, ಪ್ಲಗ್ ವೈರುಗಳಿಗೆ ಮಾತ್ರ ತಾಗದಿರಲಿ. ಕಾರ್ಬ್ ಕ್ಲೀನರ್ ಚಿಮುಕಿಸಿ ನೋಡುವವರೇ ಜಾಸ್ತಿ, ಆದರೆ ಬಿಸಿ ಎಂಜಿನ್ನಿನಲ್ಲಿ ಅದು ಹತ್ತಿಕೊಳ್ಳಬಹುದು. ಊದುಬತ್ತಿ ಹೊಗೆ ಎತ್ತ ಎಳೆಯುತ್ತದೆ ನೋಡುವ ಬುದ್ಧಿವಂತಿಕೆಯೂ ಬೇಡ. ಕಾರ್ಬುರೇಟರಿನ ಹತ್ತಿರ ಕೆಂಡ ಹಿಡಿಯುವುದು ಯಾವ ಕಾಲಕ್ಕೂ ಸಲ್ಲದು.

ಕ್ರ್ಯಾಂಕ್‌ಕೇಸಿನ ಆವಿಯನ್ನು ಮ್ಯಾನಿಫೋಲ್ಡಿಗೆ ಬಿಡುವ ಪಿ.ಸಿ.ವಿ. ವಾಲ್ವನ್ನು ಕಳಚಿ ಅಲ್ಲಾಡಿಸಿ. ಒಳಗೆ ಟಕಟಕ ಸದ್ದು ಬರಬೇಕು. ಅದರ ಹೋಸಿನ ಕೆಳಭಾಗ ಎಣ್ಣೆ ಕುಡಿದು ಮೆತ್ತಗಾಗಿ ಹರಿದಿರುವುದು ಮೇಲಿಂದ ಕಾಣುವುದಿಲ್ಲ, ಬೆರಳು ಹಾಕಿಯೇ ನೋಡಬೇಕು.

ಹೊಸ ಹೋಸು ಹಾಕುವಾಗ

ಒಂದು ತೆಗೆದು ಒಂದು ಹಾಕಿ. ಎಲ್ಲವನ್ನೂ ಕಿತ್ತು ಮೇಜಿನ ಮೇಲೆ ಹರಡಿಕೊಂಡರೆ ಸಂಜೆಯಾದರೂ ಮುಗಿಯುವುದಿಲ್ಲ. ಕಲ್ಲಾಗಿರುವ ಹಳೇ ಹೋಸನ್ನು ಎಳೆಯಬೇಡಿ, ಬಿ.ವಿ.ಎಸ್.ವಿ.ಯ ಪ್ಲಾಸ್ಟಿಕ್ ನಿಪ್ಪಲ್ಲು ಅದರ ಜೊತೆಗೇ ಮುರಿದು ಬರುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಮೆಲ್ಲಗೆ ಸೀಳಿ ಸಿಪ್ಪೆಯಂತೆ ಬಿಡಿಸಿ. ಸಣ್ಣ ಟ್ಯೂಬುಗಳ ಒಳ ಅಳತೆ ಸುಮಾರು 4 ಮಿ.ಮೀ. ಹಳೆಯದರ ಉದ್ದಕ್ಕೇ ಕತ್ತರಿಸಿ. ಉದ್ದ ಬಿಟ್ಟರೆ ಮಡಚಿಕೊಂಡು ಮುಚ್ಚುತ್ತದೆ, ಇಲ್ಲವೇ ಇ.ಜಿ.ಆರ್ ಪೈಪಿಗೆ ತಾಗಿ ಕರಗುತ್ತದೆ.

ನಮ್ಮ ಕಡೆ ಬೈಕುಗಳಿಗೆ ಆಸ್ಪತ್ರೆಯ ಡ್ರಿಪ್ ಪೈಪು ಹಾಕಿ ಕೆಲಸ ಸಾಗಿಸುವುದುಂಟು. ಇಲ್ಲಿ ಆ ತರಹದ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬು ಬಿಸಿಗೆ ಮೆತ್ತಗಾಗಿ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಬಣ್ಣದ ಸಿಲಿಕಾನ್ ಹೋಸು ಬಿಸಿ ತಡೆಯುತ್ತದೆ, ನೋಡಲೂ ಚೆಂದ; ಆದರೆ ಪೆಟ್ರೋಲಿನ ಆವಿಗೆ ಉಬ್ಬುತ್ತದೆ. ಆದ್ದರಿಂದ ಕ್ಯಾನಿಸ್ಟರಿಗೆ ಹೋಗುವ ಹೋಸುಗಳಿಗೆ ಇಂಧನದ ಆವಿಗೆಂದೇ ಮಾಡಿದ ರಬ್ಬರೇ ಬೇಕು.

ಜೋಡಣೆ ಮುಗಿದ ಮೇಲೆ ಟೈಮಿಂಗ್, ಐಡ್ಲಿಂಗ್, ಆಮೇಲೆ ಬೇಕೇಬೇಕಿದ್ದರೆ ಮಿಕ್ಸ್‌ಚರ್ (ಗಾಳಿ-ಪೆಟ್ರೋಲಿನ ಪ್ರಮಾಣ), ಇದೇ ಕ್ರಮದಲ್ಲಿ ಹೊಂದಿಸಿ. ಟೈಮಿಂಗ್ ನೋಡುವಾಗ ಡಿಸ್ಟ್ರಿಬ್ಯೂಟರಿನ ಹೋಸು ಕಳಚಿ ತುದಿ ಮುಚ್ಚಬೇಕು, ಅಂಕಿ ಸ್ಟಿಕ್ಕರಿನಲ್ಲಿದೆ. ಫ್ರೀಮಾಂಟಿನ ಪಿಕಪ್ಪಿನಲ್ಲಿ ಇ.ಜಿ.ಆರ್ ದಾರಿಗೆ ಬಂದ ಮೇಲೆ ಮಿಕ್ಸ್‌ಚರ್ ಸ್ಕ್ರೂ ಮುಟ್ಟುವ ಅಗತ್ಯವೇ ಬೀಳಲಿಲ್ಲ. ಕಾರ್ಖಾನೆಯವರು ಅದಕ್ಕೆ ಹಾಕಿದ ಲೋಹದ ಬುಚ್ಚು ಹಾಗೇ ಉಳಿಯಿತು, ಅದು ಒಳ್ಳೆಯದೇ ಆಯಿತು.

ತಪಾಸಣೆಗೆ ಒಯ್ಯುವ ಮುನ್ನ

ಕರ್ನಾಟಕದಲ್ಲಿ ಇಂಥ ಹಳೇ ಕಾರ್ಬುರೇಟರ್ ಕಾರಿನ ಎಮಿಷನ್ ಟೆಸ್ಟ್ ಎಂದರೆ ಸೈಲೆನ್ಸರಿಗೆ ಕೊಳವೆ ತೂರಿಸಿ ಐಡ್ಲಿಂಗಲ್ಲಿ ನೋಡುವುದು. ಬಿ.ಎಸ್. (ಭಾರತ್ ಸ್ಟೇಜ್) 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ 3 ಪ್ರತಿಶತ, ಹೈಡ್ರೋಕಾರ್ಬನ್ 1500 ಪಿಪಿಎಂ ಮಿತಿ. ಹೋಸು ಎಲ್ಲಿಗೆ ಹೋಗಿದೆ ಎಂದು ಯಾರೂ ಬಾನೆಟ್ ಎತ್ತಿ ನೋಡುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1976 ಮತ್ತು ಆಮೇಲಿನ ಪೆಟ್ರೋಲ್ ಗಾಡಿಗಳಿಗೆ, ತೀರಾ ಹೊಸವನ್ನು ಬಿಟ್ಟು, ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಂಥ ಕಡೆ 1999ರವರೆಗಿನ ಮಾದರಿಗಳನ್ನು ರೋಲರುಗಳ ಮೇಲೆ ಗಂಟೆಗೆ 15 ಮತ್ತು 25 ಮೈಲಿ ವೇಗದಲ್ಲಿ ಓಡಿಸಿ ನೈಟ್ರಿಕ್ ಆಕ್ಸೈಡನ್ನೂ ಅಳೆಯುತ್ತಾರೆ. 1995ರವರೆಗಿನವಕ್ಕೆ ಟ್ಯಾಂಕಿನ ಆವಿ ದಾರಿಗೆ ಸಣ್ಣ ಒತ್ತಡ ಕೊಟ್ಟು ನಿಲ್ಲುತ್ತದೆಯೇ ನೋಡುತ್ತಾರೆ. ಕ್ಯಾನಿಸ್ಟರಿನ ಹೋಸು ಬಿರುಕು ಬಿಟ್ಟಿದ್ದರೆ ಸಿಕ್ಕಿಬೀಳುವುದು ಇಲ್ಲೇ. ಇವೆಲ್ಲ ಪಾಸಾದರೂ ಕಣ್ಣಿನ ತಪಾಸಣೆಯಲ್ಲಿ ಒಂದು ಹೋಸು ಕಳಚಿದ್ದರೆ ಫೇಲು.

ಎಂಜಿನ್ ಪೂರ್ತಿ ಬಿಸಿಯಾಗುವ ಹಾಗೆ ಓಡಿಸಿಕೊಂಡೇ ಹೋಗಿ. ತಣ್ಣಗಿದ್ದರೆ ಬಿ.ವಿ.ಎಸ್.ವಿ. ಮುಚ್ಚಿಯೇ ಇರುತ್ತದೆ, ಇ.ಜಿ.ಆರ್ ಏಳುವುದಿಲ್ಲ. ಸ್ಟಿಕ್ಕರ್ ಮಸಿ ಹಿಡಿದಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ. ಪೆಟ್ರೋಲ್ ಅಥವಾ ಥಿನ್ನರ್ ಹಾಕಿದರೆ ಅಕ್ಷರಗಳೇ ಎದ್ದುಬರುತ್ತವೆ. ಎಂಜಿನ್ ಒಂದು ವರ್ಷದ್ದು, ಗಾಡಿ ಇನ್ನೊಂದು ವರ್ಷದ್ದು ಆಗಿದ್ದರೆ ಸಾಮಾನ್ಯ ತಪಾಸಣಾ ಅಂಗಡಿಯಲ್ಲಿ ವಾದಕ್ಕಿಳಿಯಬೇಡಿ. ಇಂಥ ಜಟಿಲ ಗಾಡಿಗಳಿಗೆಂದೇ ರಾಜ್ಯದ ಸ್ಮಾಗ್ ಚೆಕ್ ರೆಫರಿ ವ್ಯವಸ್ಥೆಯಿದೆ. ಕೈಪಿಡಿಯ ಪುಟದ ಜೆರಾಕ್ಸ್ ಹಿಡಿದು ನೇರ ಅಲ್ಲಿಗೇ ಹೊತ್ತು ಗೊತ್ತು ಮಾಡಿಕೊಳ್ಳಿ.